ಹೆಪ್ಪಿನ ಹುಳಿ, ಕರುಳಿನ ಕಾವಲು

ಬೇಸಿಗೆಯಲ್ಲಿ ಭೇದಿ ಹತ್ತಿದ ಮಗುವನ್ನು ವೈದ್ಯರಿಗೆ ತೋರಿಸಿ ಬರುವ ತಾಯಂದಿರ ಕೈಯಲ್ಲಿನ ಚೀಟಿಯನ್ನು ಮಂಡ್ಯದ ಯಾವುದೇ ಔಷಧಿ ಅಂಗಡಿಯಲ್ಲಿ ಗಮನಿಸಬಹುದು. ಓಆರ್‌ಎಸ್ ಪೊಟ್ಟಣದ ಜೊತೆಗೆ, ಕೆಲವೊಮ್ಮೆ ಅದಕ್ಕೂ ಮೇಲಿನ ಸಾಲಿನಲ್ಲಿ, ಪ್ರೊಬಯಾಟಿಕ್ ಪುಡಿಯೊಂದರ ಹೆಸರಿರುತ್ತದೆ. ದೊಡ್ಡ ಅಂಗಡಿಗಳ ಫ್ರಿಜ್‌ಗಳಲ್ಲಿ ‘ಕೋಟಿ ಕೋಟಿ ಒಳ್ಳೆಯ ಬ್ಯಾಕ್ಟೀರಿಯಾ’ ತುಂಬಿದ ಪುಟ್ಟ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಇನ್ನೊಂದೆಡೆ, ಇದೆಲ್ಲ ನಮ್ಮ ಅಜ್ಜಿಯರ ಮಜ್ಜಿಗೆಯಲ್ಲೇ ಇತ್ತಲ್ಲ ಎಂದು ಬೀಗುವವರೂ ಕಡಿಮೆಯಿಲ್ಲ. ವ್ಯಾಪಾರಿಯ ಮಾತನ್ನೂ ಅಭಿಮಾನಿಯ ಮಾತನ್ನೂ ಸ್ವಲ್ಪ ಬದಿಗಿಟ್ಟು ಈ ವಿಷಯವನ್ನು ನೋಡುವ ಅಗತ್ಯವಿದೆ. ಏಕೆಂದರೆ ಇದು ಕೇವಲ ಮನೆಖರ್ಚಿನ ಪ್ರಶ್ನೆಯಲ್ಲ. ಮಕ್ಕಳ ಆರೋಗ್ಯಕ್ಕೆಂದು ತೆಗೆದಿಟ್ಟ ಸಾರ್ವಜನಿಕ ಹಣ ಎತ್ತ ಹರಿಯಬೇಕೆಂಬ ಪ್ರಶ್ನೆಯೂ ಹೌದು.

ಕರುಳಿನ ಸೋಂಕು ಹಿಂದಿನ ಕಾಲದ ಕಾಯಿಲೆ ಎಂಬ ಭಾವನೆ ವಿದ್ಯಾವಂತರಲ್ಲಿ ಬೇರೂರಿದಂತಿದೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರ ವಿದ್ಯಾರ್ಥಿನಿಯರ ನಿಲಯದಲ್ಲೇ ಹತ್ತಾರು ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. 2025ರ ಮಾರ್ಚ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ಟಿ. ಕಾಗೇಪುರದ ವಸತಿ ಶಾಲೆಯೊಂದರಲ್ಲಿ, ಹೋಳಿ ಸಮಾರಂಭದಲ್ಲಿ ಮಿಕ್ಕಿ ಬಂದ ಊಟ ಉಂಡು ಮಕ್ಕಳು ಅಸ್ವಸ್ಥರಾದರು. ಓದಲೆಂದು ದೂರದ ಮೇಘಾಲಯದಿಂದ ಬಂದಿದ್ದ ಇಬ್ಬರು ಬಾಲಕರು ಪ್ರಾಣ ಕಳೆದುಕೊಂಡರು. ಸೇವೆಯಲ್ಲಿದ್ದ ವರ್ಷಗಳಲ್ಲಿ ಈ ಲೇಖಕನ ಮೇಜಿನ ಮೇಲೂ ಇಂಥ ವರದಿಗಳು ಬರುತ್ತಿದ್ದವು. ‘ಕಾರಣ’ ಎಂಬ ಕಾಲಮ್ಮಿನಲ್ಲಿ ‘ಕಲುಷಿತ ನೀರು ಸೇವನೆ’, ‘ಕೈಗೊಂಡ ಕ್ರಮ’ದಲ್ಲಿ ‘ಕ್ಲೋರಿನ್ ಮಾತ್ರೆ ವಿತರಿಸಲಾಗಿದೆ’. ಊರಿನ ಹೆಸರು ಬದಲಾಗುತ್ತಿತ್ತು, ಉಳಿದ ಒಕ್ಕಣೆ ಹಾಗೆಯೇ ಇರುತ್ತಿತ್ತು.

ಕಾಗೇಪುರದ ಆ ಮಕ್ಕಳನ್ನು ಯಾವುದೋ ಪ್ರೊಬಯಾಟಿಕ್ ಉಳಿಸುತ್ತಿತ್ತೆಂದು ಹೇಳಲು ಆಧಾರವಿಲ್ಲ. ಕೆಟ್ಟ ಅನ್ನಕ್ಕೆ ಮದ್ದು ಒಳ್ಳೆಯ ಅನ್ನವೇ. ಆದರೆ ಒಂದೇ ಕೊಳಾಯಿಯ ನೀರು ಕುಡಿದ ಇಬ್ಬರಲ್ಲಿ ಒಬ್ಬನು ಹಾಸಿಗೆ ಹಿಡಿದು, ಇನ್ನೊಬ್ಬನು ಎಂದಿನಂತೆ ಗದ್ದೆಗೆ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಈ ವ್ಯತ್ಯಾಸಕ್ಕೆ ಹಲವು ಕಾರಣಗಳುಂಟು. ಅವುಗಳಲ್ಲೊಂದು, ಕರುಳಿನಲ್ಲಿ ಮೊದಲೇ ನೆಲೆಸಿರುವ ಬ್ಯಾಕ್ಟೀರಿಯಾಗಳು ಎಂಬುದು ಈಚಿನ ದಶಕಗಳಲ್ಲಿ ಗಟ್ಟಿಯಾಗಿರುವ ತಿಳಿವಳಿಕೆ.

ಹುಳಿ ಹಾಲಿನ ಬ್ಯಾಕ್ಟೀರಿಯಾ ಕರುಳಿಗೆ ಹಿತವೆಂದು ಮೊದಲು ಗಟ್ಟಿಯಾಗಿ ಹೇಳಿದವರು ರಷ್ಯಾ ಮೂಲದ ವಿಜ್ಞಾನಿ ಎಲಿ ಮೆಚ್ನಿಕಾಫ್. 1908ರ ನೊಬೆಲ್ ಪುರಸ್ಕೃತರಾದ ಅವರು ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೂ ಮೊಸರಿಗೂ ಗಂಟು ಹಾಕಿದರು. ಜಪಾನಿನ ಮಿನೋರು ಶಿರೋಟ ಅವರು ಪ್ರತ್ಯೇಕಿಸಿದ ತಳಿಯ ಪಾನೀಯ 1935ರಲ್ಲಿ ‘ಯಾಕುಲ್ಟ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ‘ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಉಪಕಾರ ಮಾಡುವ ಜೀವಂತ ಸೂಕ್ಷ್ಮಾಣುಜೀವಿಗಳು’ ಎಂಬರ್ಥದ ವ್ಯಾಖ್ಯೆಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು 2001ರಲ್ಲಿ ರೂಪಿಸಿದರು. ಜೀವಂತವಾಗಿರಬೇಕು, ಸಾಕಷ್ಟಿರಬೇಕು, ಉಪಕಾರ ಸಾಬೀತಾಗಿರಬೇಕು ಎಂಬ ಮೂರು ಷರತ್ತುಗಳು ಅದರಲ್ಲಿವೆ. ಜಾಹೀರಾತುಗಳು ಮೊದಲ ಎರಡನ್ನು ಸಾರಿ ಹೇಳಿ ಮೂರನೆಯದನ್ನು ಜಾರಿಸಿಬಿಡುತ್ತವೆ.

ನಿಜವಾಗಿ ಕುತೂಹಲಕರವಾದುದು ಈ ಬ್ಯಾಕ್ಟೀರಿಯಾಗಳ ಸಂಖ್ಯೆಯಲ್ಲ, ಅವು ತಯಾರಿಸುವ ವಸ್ತುಗಳು. ಹಾಲು ಮೊಸರಾಗುವ ಕ್ರಿಯೆಯನ್ನೇ ನೋಡಿ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತವೆ. ಹಾಲಿನ ಪಿಎಚ್ ಮಟ್ಟ ಸುಮಾರು 6.6, ಮೊಸರಿನದು ಸುಮಾರು 4.5. ಈ ಮಾನದಲ್ಲಿ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರಿದಂತೆ. ಆದ್ದರಿಂದ ರಾತ್ರಿ ಹೆಪ್ಪು ಹಾಕಿದ ಪಾತ್ರೆಯಲ್ಲಿ ಬೆಳಗಾಗುವುದರೊಳಗೆ ಆಮ್ಲೀಯತೆ ನೂರು ಪಟ್ಟು ಹೆಚ್ಚಿರುತ್ತದೆ. ಈ ಆಮ್ಲದ ಅಣುಗಳು ರೋಗಾಣುವಿನ ಪೊರೆಯನ್ನು ದಾಟಿ ಒಳಹೊಕ್ಕು ಅದರ ಒಡಲನ್ನೇ ಹುಳಿಯಾಗಿಸುತ್ತವೆ. ಕಾಲರಾ ರೋಗಾಣುವಿಗಂತೂ ಹುಳಿ ಆಗಿಬರುವುದಿಲ್ಲ. 2018ರಲ್ಲಿ ಅಮೆರಿಕದ ಸಂಶೋಧಕರು ಇಲಿಮರಿಗಳಿಗೆ ಕಾಲರಾ ರೋಗಾಣುವಿನ ಜೊತೆಗೆ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎಂಬ ಬ್ಯಾಕ್ಟೀರಿಯಾವನ್ನು ಕೊಟ್ಟರು. ಅದು ಉತ್ಪಾದಿಸಿದ ಲ್ಯಾಕ್ಟಿಕ್ ಆಮ್ಲದಿಂದಾಗಿ ಕಾಲರಾ ರೋಗಾಣು ಕರುಳಿನಲ್ಲಿ ನೆಲೆಯೂರುವುದಕ್ಕೆ ತಡೆ ಬಿತ್ತು. ಬದುಕುಳಿದ ಮರಿಗಳ ಸಂಖ್ಯೆ ಹೆಚ್ಚಿತು. ಈ ಲ್ಯಾಕ್ಟಿಸ್ ಅಪರೂಪದ ಜೀವಿಯೇನಲ್ಲ. ನೆರೆಮನೆಯಿಂದ ಹೆಪ್ಪಿಗೆಂದು ತರುವ ಒಂದು ಚಮಚ ಮೊಸರಿನಲ್ಲಿ ಸಾಮಾನ್ಯವಾಗಿ ಕಾಣಸಿಗುವ ಜಾತಿಯೇ ಅದು.

ಇದೇ ಜೀವಿಯ ಇನ್ನೊಂದು ಉತ್ಪನ್ನ ನಿಸಿನ್. 1928ರಿಂದಲೇ ಗೊತ್ತಿರುವ ಈ ವಸ್ತು ಹಲವು ಬಗೆಯ ಬ್ಯಾಕ್ಟೀರಿಯಾಗಳ ಪೊರೆಯಲ್ಲಿ ತೂತು ಕೊರೆದು ಅವನ್ನು ಕೊಲ್ಲುತ್ತದೆ. ಚೀಸ್ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳಲ್ಲಿ 234 ಎಂಬ ಸಂಖ್ಯೆ ಕಂಡರೆ ಅದು ಇದೇ ನಿಸಿನ್. ಇಂಥ ವಸ್ತುಗಳಿಗೆ ಬ್ಯಾಕ್ಟೀರಿಯೊಸಿನ್ ಎಂದು ಹೆಸರು. ಒಂದು ಬ್ಯಾಕ್ಟೀರಿಯಾ ತನ್ನ ಎದುರಾಳಿ ಬ್ಯಾಕ್ಟೀರಿಯಾಕ್ಕೆ ಒಡ್ಡುವ ವಿಷ ಎನ್ನಬಹುದು. ಐರ್ಲೆಂಡಿನ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಮಹತ್ವದ್ದು. ಮನುಷ್ಯರ ಕರುಳಿನಿಂದ ತೆಗೆದ ಲ್ಯಾಕ್ಟೊಬ್ಯಾಸಿಲಸ್ ತಳಿಯೊಂದು ಇಲಿಗಳನ್ನು ಲಿಸ್ಟೀರಿಯಾ ಸೋಂಕಿನಿಂದ ಕಾಪಾಡಿತು. ಬ್ಯಾಕ್ಟೀರಿಯೊಸಿನ್ ತಯಾರಿಸುವ ಶಕ್ತಿಯನ್ನು ಅದರಿಂದ ಕಿತ್ತುಹಾಕಿದಾಗ ಆ ರಕ್ಷಣೆಯೂ ಹೋಯಿತು. ಜೀವಿ ಅದೇ, ಸಂಖ್ಯೆ ಅದೇ; ಆಯುಧ ಮಾತ್ರ ಇರಲಿಲ್ಲ.

ಮೂರನೆಯ ಬಗೆಯ ರಕ್ಷಣೆಯಲ್ಲಿ ರೋಗಾಣುವನ್ನು ಕೊಲ್ಲುವ ಕೆಲಸವೇ ಇಲ್ಲ. ಮನೆಯ ಗೋಡೆಯನ್ನು ಬಲಪಡಿಸುವುದಷ್ಟೇ. ಜಪಾನಿನ ಸಂಶೋಧಕರು 2011ರಲ್ಲಿ ತೋರಿಸಿದಂತೆ, ಕೆಲವು ಬೈಫಿಡೊಬ್ಯಾಕ್ಟೀರಿಯಾಗಳು ಉತ್ಪಾದಿಸುವ ಅಸಿಟೇಟ್ (ವಿನೆಗರಿನ ಹುಳಿಗೆ ಕಾರಣವಾದ ಆಮ್ಲದ ರೂಪವೇ ಇದು) ಕರುಳಿನ ಒಳಪದರದ ಕೋಶಗಳನ್ನು ಗಟ್ಟಿಗೊಳಿಸಿ, ಮಾರಕ ಇ. ಕೋಲಿಯ ವಿಷ ರಕ್ತಕ್ಕೆ ಸೇರದಂತೆ ತಡೆಯಿತು. ಅಮೆರಿಕದ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದವರು 2016ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎಂಟೆರೊಕಾಕಸ್ ಫೀಸಿಯಂ ಎಂಬ ಬ್ಯಾಕ್ಟೀರಿಯಾ ಸ್ರವಿಸುವ ‘ಸ್ಯಾಗ್‌ಎ’ ಎಂಬ ಕಿಣ್ವ ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಚೂರು ಮಾಡುತ್ತದೆ. ಆ ಚೂರುಗಳನ್ನು ಕರುಳಿನ ರೋಗನಿರೋಧಕ ವ್ಯವಸ್ಥೆ ಗುರುತಿಸಿ, ಲೋಳೆಯನ್ನೂ ರೋಗಾಣುನಾಶಕ ಪ್ರೋಟೀನುಗಳನ್ನೂ ಹೆಚ್ಚಿಸುತ್ತದೆ. ಆ ಕಿಣ್ವವನ್ನು ತಯಾರಿಸುವಂತೆ ಮಾರ್ಪಡಿಸಿದ ಬೇರೆ ಬ್ಯಾಕ್ಟೀರಿಯಾಗಳೂ ಇಲಿಗಳನ್ನು ಸಾಲ್ಮೊನೆಲ್ಲಾ ಸೋಂಕಿನ ವಿರುದ್ಧ ಕಾಪಾಡಿದವು. ಆದರೆ ಇದೇ ಫೀಸಿಯಂನ ಕೆಲವು ತಳಿಗಳು ಆಸ್ಪತ್ರೆಗಳಲ್ಲಿ ರೋಗಿಗಳ ರಕ್ತಕ್ಕೆ ಸೇರಿ ಪ್ರಾಣಕ್ಕೆ ಎರವಾಗುವುದೂ ಉಂಟು. ಆದ್ದರಿಂದಲೇ ಜೀವಿಗಿಂತ ಅದರ ಉತ್ಪನ್ನವನ್ನು ಬಳಸುವುದು ಕ್ಷೇಮವಲ್ಲವೇ ಎಂಬ ಚಿಂತನೆ ವಿಜ್ಞಾನಿಗಳಲ್ಲಿ ನಡೆದಿದೆ. ಆರೋಗ್ಯಕ್ಕೆ ಉಪಕಾರ ಮಾಡುವ ನಿರ್ಜೀವ ಸೂಕ್ಷ್ಮಾಣುಗಳ ಅಥವಾ ಅವುಗಳ ಭಾಗಗಳ ತಯಾರಿಕೆಗೆ ‘ಪೋಸ್ಟ್‌ಬಯಾಟಿಕ್’ ಎಂಬ ಹೆಸರನ್ನು ತಜ್ಞರ ಅಂತರರಾಷ್ಟ್ರೀಯ ಸಮಿತಿಯೊಂದು 2021ರಲ್ಲಿ ವ್ಯಾಖ್ಯಾನಿಸಿತು. ರಾತ್ರಿಯೆಲ್ಲ ಹುದುಗಿ ಬೆಳಿಗ್ಗೆ ಹಬೆಯಲ್ಲಿ ಬೆಂದ ಇಡ್ಲಿಯಲ್ಲಿ ಜೀವಂತ ಬ್ಯಾಕ್ಟೀರಿಯಾ ಉಳಿಯುವುದಿಲ್ಲ, ಅವು ಮಾಡಿಟ್ಟ ಹುಳಿ ಉಳಿಯುತ್ತದೆ. ಅದರಿಂದ ಕರುಳಿಗೆ ಎಷ್ಟು ಲಾಭವೆಂಬುದು ಬೇರೆ ಮಾತು. (ನಮ್ಮ ಮದ್ದೂರು ವಡೆಗೆ ಈ ಚರ್ಚೆಯಲ್ಲಿ ಪ್ರವೇಶವಿಲ್ಲ, ಅದು ಹುದುಗುವ ತಾಳ್ಮೆಯಿಲ್ಲದೆ ನೇರ ಎಣ್ಣೆಗಿಳಿಯುವ ತಿಂಡಿ.)

ಜಪಾನಿನ ಪ್ರಯೋಗದಲ್ಲಿ ಇನ್ನೊಂದು ಅಂಶವಿತ್ತು. ಎಲ್ಲ ಬೈಫಿಡೊಬ್ಯಾಕ್ಟೀರಿಯಾಗಳೂ ಇಲಿಗಳನ್ನು ಕಾಪಾಡಲಿಲ್ಲ, ಕೆಲವು ತಳಿಗಳು ಮಾತ್ರ ಕಾಪಾಡಿದವು. ಇದನ್ನು ಮಂಡ್ಯ ಸೀಮೆಯ ರೈತನಿಗೆ ವಿವರಿಸುವುದು ಸುಲಭ. ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯ ಅವರು ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಕಾಲದಿಂದಲೂ ಇಲ್ಲಿ ಯಾರೂ ಬರಿದೆ ‘ರಾಗಿ ಬೀಜ ಕೊಡಿ’ ಎನ್ನುವುದಿಲ್ಲ. ಇಂಡಾಫೋ, ಎಂಆರ್-6ಓ, ಜಿಪಿಯು-28ಓ ಎಂದು ಕೇಳುತ್ತಾರೆ. ನೀರಿನ ಆಸರೆಯಿರುವ ಹೊಲಕ್ಕೆ ಹೊಂದುವ ತಳಿ ಮಳವಳ್ಳಿಯ ಬೆದ್ದಲಿಗೆ ಹೊಂದಬೇಕೆಂದಿಲ್ಲ ಎಂಬುದು ಅವರಿಗೆ ಗೊತ್ತು. ಔಷಧಿ ಅಂಗಡಿಯಲ್ಲಿ ನಿಂತ ಪದವೀಧರರು ಮಾತ್ರ ‘ಪ್ರೊಬಯಾಟಿಕ್ ಕೊಡಿ’ ಎಂದಷ್ಟೇ ಕೇಳಿ ಕೈಚಾಚುತ್ತಾರೆ. ತಳಿ ಯಾವುದು, ಯಾವ ಕಾಯಿಲೆಗೆ ಅದನ್ನು ಪರೀಕ್ಷಿಸಲಾಗಿದೆ ಎಂದು ಕೇಳುವವರಿಲ್ಲ.

ಇಲಿಗಳಿಂದ ಮನುಷ್ಯರಿಗೆ ಬಂದರೆ ಚಿತ್ರ ಅಷ್ಟು ಉಜ್ವಲವಾಗಿಲ್ಲ. ಭೇದಿ ಶುರುವಾದ ಮೇಲೆ ಕೊಡುವ ಪ್ರೊಬಯಾಟಿಕ್ ಬಗ್ಗೆ ಅಮೆರಿಕ ಮತ್ತು ಕೆನಡಗಳಲ್ಲಿ ನಡೆದ ಎರಡು ದೊಡ್ಡ ಪ್ರಯೋಗಗಳು 2018ರಲ್ಲಿ ಪ್ರಕಟವಾದವು. ಒಂದರಲ್ಲಿ 971, ಇನ್ನೊಂದರಲ್ಲಿ 886 ಮಕ್ಕಳಿದ್ದರು. ಎರಡರಲ್ಲೂ ಪ್ರೊಬಯಾಟಿಕ್ ಪಡೆದವರಿಗೂ ಹುಸಿ ಔಷಧ ಪಡೆದವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 82 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಮೀಕ್ಷೆಯೂ 2020ರಲ್ಲಿ ಇಂಥದೇ ನಿರ್ಣಯಕ್ಕೆ ಬಂತು. ಅಂದರೆ ಆರಂಭದಲ್ಲಿ ಹೇಳಿದ ಚೀಟಿಯ ಮೇಲಿನ ಸಾಲಿಗೆ ಆಧಾರ ತೆಳುವಾಗಿದೆ. ಆದರೆ ಆ್ಯಂಟಿಬಯಾಟಿಕ್ ನುಂಗಿದ್ದರಿಂದಲೇ ಮಕ್ಕಳಿಗೆ ಬರುವ ಭೇದಿಯ ವಿಷಯ ಬೇರೆ. 33 ಅಧ್ಯಯನಗಳನ್ನು ಒಳಗೊಂಡ 2019ರ ಸಮೀಕ್ಷೆಯ ಪ್ರಕಾರ ಅದು ಶೇ 19ರಿಂದ ಶೇ 8ಕ್ಕೆ ಇಳಿಯಿತು. ಔಷಧವೇ ಮನೆಯ ಕಾವಲುಗಾರರನ್ನೂ ಕೊಂದುಹಾಕಿರುವಾಗ ಹೊರಗಿನ ಕಾವಲುಗಾರರು ಉಪಯೋಗಕ್ಕೆ ಬರುವುದು ಸಹಜವೇ.

ಕಾಯಿಲೆ ಬರುವ ಮುನ್ನವೇ ತಡೆಯುವ ಬಗ್ಗೆ ನಮ್ಮ ದೇಶದಲ್ಲೇ ಎರಡು ಮಹತ್ವದ ಪ್ರಯೋಗಗಳು ನಡೆದಿವೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅವುಗಳ ಅಂಕಿಗಳು ಬಹಳ ಕಲಿಸುತ್ತವೆ. ಕೋಲ್ಕತ್ತದ ಕೊಳೆಗೇರಿಯೊಂದರಲ್ಲಿ 1ರಿಂದ 5 ವರ್ಷದ 3,758 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಶಿರೋಟ ತಳಿಯ ಪಾನೀಯವನ್ನೂ ಉಳಿದವರಿಗೆ ಬರಿಯ ಪೌಷ್ಟಿಕ ಪಾನೀಯವನ್ನೂ 12 ವಾರ ದಿನವೂ ಕೊಡಲಾಯಿತು. ಒಟ್ಟು 24 ವಾರಗಳಲ್ಲಿ ಮೊದಲ ಗುಂಪಿನ 608 ಮಕ್ಕಳಿಗೂ ಎರಡನೆಯ ಗುಂಪಿನ 674 ಮಕ್ಕಳಿಗೂ ಭೇದಿಯಾಯಿತು. 2011ರಲ್ಲಿ ಪ್ರಕಟವಾದ ಈ ಅಧ್ಯಯನ ಶೇ 14ರಷ್ಟು ರಕ್ಷಣೆ ದೊರೆಯಿತೆಂದು ಲೆಕ್ಕ ಹಾಕಿತು. ಲಾಭವಿದೆ, ಅನುಮಾನವಿಲ್ಲ. ಆದರೆ ವೆಚ್ಚ? 84 ದಿನಗಳ ಕಾಲ ಸುಮಾರು 1,880 ಮಕ್ಕಳು ಕುಡಿದ ಬಾಟಲಿಗಳು ಒಂದೂವರೆ ಲಕ್ಷವನ್ನು ಮೀರುತ್ತವೆ. ಭೇದಿಯಿಂದ ಪಾರಾದವರು 66 ಮಕ್ಕಳು. ಒಂದು ಮಗುವಿಗೆ 2,300ಕ್ಕೂ ಹೆಚ್ಚು ಬಾಟಲಿ! ಬಾಟಲಿಗೆ ಹದಿನೈದೇ ರೂಪಾಯಿ ಎಂದು ಹಿಡಿದರೂ ಸುಮಾರು 35 ಸಾವಿರ ರೂಪಾಯಿ. ಅಷ್ಟು ಹಣದಲ್ಲಿ ಒಂದು ಅಂಗನವಾಡಿಗೆ ನೀರಿನ ಫಿಲ್ಟರು, ಕೈತೊಳೆಯುವ ತೊಟ್ಟಿ, ಸೋಪು, ವರ್ಷಕ್ಕಾಗುವಷ್ಟು ಓಆರ್‌ಎಸ್ ಎಲ್ಲವನ್ನೂ ಒದಗಿಸಬಹುದು.

ಒಡಿಶಾದ ಹಳ್ಳಿಗಳಲ್ಲಿ ನಡೆದ ಎರಡನೆಯ ಪ್ರಯೋಗದ ಲೆಕ್ಕ ತೀರಾ ಬೇರೆ. 4,556 ನವಜಾತ ಶಿಶುಗಳಲ್ಲಿ ಅರ್ಧದಷ್ಟಕ್ಕೆ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಂನ ಒಂದು ತಳಿಯನ್ನು, ಅದಕ್ಕೆ ಆಹಾರವಾಗುವ ಸಕ್ಕರೆಯೊಂದರ ಜೊತೆ, ಏಳೇ ದಿನ ಕೊಡಲಾಯಿತು. ರಕ್ತದ ನಂಜು ಅಥವಾ ಸಾವಿಗೆ ತುತ್ತಾದವರ ಪ್ರಮಾಣ ಶೇ 9ರಿಂದ ಶೇ 5.4ಕ್ಕೆ ಇಳಿಯಿತೆಂದು 2017ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿತು. ಇಲ್ಲಿ ಒಂದು ಶಿಶುವನ್ನು ಪಾರುಮಾಡಲು ಬೇಕಾದದ್ದು ಸರಾಸರಿ 28 ಶಿಶುಗಳಿಗೆ ಏಳು ದಿನದ ಮದ್ದು, ಅಂದರೆ ಇನ್ನೂರಕ್ಕೂ ಕಡಿಮೆ ಗುಟುಕು. ಅದು ಆರೋಗ್ಯವಂತ, ತೂಕವುಳ್ಳ, ತಾಯಿಯ ಹಾಲು ಕುಡಿಯುವ ಶಿಶುಗಳ ಮೇಲಿನ ಪ್ರಯೋಗ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಪ್ರೊಬಯಾಟಿಕ್ ಕೊಡುವುದರಲ್ಲಿ ಅಪಾಯವಿದೆಯೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2023ರಲ್ಲಿ, ಒಂದು ಶಿಶುವಿನ ಸಾವಿನ ನಂತರ, ಎಚ್ಚರಿಕೆ ನೀಡಿತು. ತಳಿ, ಪ್ರಮಾಣ, ವಯಸ್ಸು ಇವು ಬದಲಾದಂತೆ ಒಂದೇ ಹೆಸರಿನ ಪದಾರ್ಥ ದುಂದುವೆಚ್ಚವೂ ಆಗಬಹುದು, ಜೀವದಾನವೂ ಆಗಬಹುದು, ಜೀವಕ್ಕೇ ಮುಳುವಾಗಲೂಬಹುದು.

ಇನ್ನು ಅಜ್ಜಿಯ ಮಜ್ಜಿಗೆ. ಕಟ್ಟುನಿಟ್ಟಾಗಿ ನೋಡಿದರೆ ಮನೆಯ ಮೊಸರು ಪ್ರೊಬಯಾಟಿಕ್ ಅಲ್ಲ. ಅದರಲ್ಲಿರುವ ತಳಿಗಳು ಮನೆಯಿಂದ ಮನೆಗೆ, ಬೇಸಿಗೆಯಿಂದ ಚಳಿಗಾಲಕ್ಕೆ ಬದಲಾಗುತ್ತವೆ; ಅವುಗಳ ಉಪಕಾರವನ್ನು ಯಾರೂ ಅಳೆದಿಲ್ಲ. ಆದರೆ ಆಮ್ಲಕ್ಕೆ ತಳಿಯ ಹಂಗಿಲ್ಲ. ಮೊಸರು ಹುಳಿಯಾಯಿತೆಂದರೆ ಅದರೊಳಗೆ ಹಲವು ರೋಗಾಣುಗಳಿಗೆ ಬೆಳೆಯಲು ಅವಕಾಶವಿಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ ಹಾಲನ್ನು ಉಳಿಸಿಕೊಳ್ಳುವ ಉಪಾಯವೇ ಅದು. ರಾಗಿ ಹಿಟ್ಟನ್ನು ರಾತ್ರಿ ನೀರಿನಲ್ಲಿ ಕದಡಿಟ್ಟು, ಬೆಳಿಗ್ಗೆ ಕಾಯಿಸಿ, ಆರಿದ ಮೇಲೆ ಮಜ್ಜಿಗೆ ಬೆರೆಸುವ ಅಂಬಲಿಯದೂ ಅದೇ ಜಾಣ್ಮೆ. ಹುಲಿಕೆರೆ ಸುರಂಗದ ಮೂಲಕ ವಿಶ್ವೇಶ್ವರಯ್ಯ ನಾಲೆಯ ನೀರು ಮದ್ದೂರು, ಮಳವಳ್ಳಿಗಳನ್ನು ತಲುಪಿ ಭತ್ತ, ಕಬ್ಬುಗಳು ಬಂದ ಮೇಲೆ ಅಂಬಲಿ ಹಿಂದೆ ಸರಿಯಿತು. ಈಗ ಅದು ಹೆದ್ದಾರಿಯ ಹೋಟೆಲುಗಳ ಫಲಕಗಳಲ್ಲಿ ಮರಳಿದೆ.

ಅಭಿಮಾನಿಗಳು ಮರೆಯುವ ಸಂಗತಿಯೊಂದಿದೆ. ಮೊಸರಿಗಿರುವ ರಕ್ಷಣೆ ನೀರುಮಜ್ಜಿಗೆಗೆ ಇರಬೇಕೆಂದಿಲ್ಲ. ಬೇಸಿಗೆಯ ಜಾತ್ರೆಗಳಲ್ಲಿ, ರಾಮನವಮಿಯ ಚಪ್ಪರಗಳಲ್ಲಿ ಒಂದು ಕೊಳಗ ಮೊಸರಿಗೆ ಡ್ರಮ್ಮುಗಟ್ಟಲೆ ನೀರು, ಮೇಲೆ ಎಲ್ಲಿಯದೋ ಮಂಜುಗಡ್ಡೆ ಬೀಳುತ್ತದೆ. ನೀರು ಸೇರಿದಷ್ಟೂ ಹುಳಿ ಕುಂದುತ್ತದೆ. ಆಮ್ಲಕ್ಕೆ ರೋಗಾಣುವನ್ನು ಕೊಲ್ಲಲು ಸಮಯ ಬೇಕು, ಜನ ಕ್ಷಣದಲ್ಲೇ ಕುಡಿಯುತ್ತಾರೆ. ಕಾಯಿಸದ ನೀರಿನಲ್ಲಿ ರೋಗಾಣುಗಳಿದ್ದರೆ ಮಜ್ಜಿಗೆ ಅವುಗಳ ವಾಹನವಾಗುತ್ತದೆ. ಪುಣ್ಯಕಾರ್ಯವೆಂಬ ಕಾರಣಕ್ಕೆ ಆ ಡ್ರಮ್ಮಿನ ನೀರು ಎಲ್ಲಿಂದ ಬಂತೆಂದು ಕೇಳಲು ಅಧಿಕಾರಿಗಳೂ ಹಿಂಜರಿಯುತ್ತಾರೆ.

ಪೊಟ್ಟಣದ ಮೇಲಿನ ಬರಹದ ಬಗ್ಗೆ ನಮಗಿರುವ ಆಸಕ್ತಿ ಒಳಗಿರುವ ಪದಾರ್ಥದ ಬಗ್ಗೆ ಇಲ್ಲ. 2023ರ ಮಾರ್ಚ್‌ನಲ್ಲಿ ನಂದಿನಿ ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಅಚ್ಚು ಹಾಕಬೇಕೆಂಬ ಸೂಚನೆ ಬಂದಾಗ ನಾಡು ಕೆರಳಿತು. ಆಹಾರ ಸುರಕ್ಷತಾ ಪ್ರಾಧಿಕಾರ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಕೆರಳಿದ್ದು ಸರಿಯೇ. ಆದರೆ ಆ ಮೊಸರಿನೊಳಗೆ ಯಾವ ತಳಿಗಳಿವೆ ಎಂಬ ಪ್ರಶ್ನೆ ಆಗಲೂ ಏಳಲಿಲ್ಲ. ನಿಜವಾದ ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳು ‘ಓಆರ್‌ಎಸ್’ ಎಂಬ ಹೆಸರು ಹೊತ್ತು ವರ್ಷಗಟ್ಟಲೆ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರ ದೀರ್ಘ ಹೋರಾಟದ ನಂತರವಷ್ಟೇ 2025ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರ ಅದನ್ನು ನಿಷೇಧಿಸಿತು. ಪ್ರೊಬಯಾಟಿಕ್ ಆಹಾರದ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲೇ ಮಾರ್ಗಸೂಚಿ ಹೊರಡಿಸಿವೆ. ತಳಿಯ ಪೂರ್ಣ ಗುರುತು, ಸುರಕ್ಷತೆ, ಮನುಷ್ಯರ ಮೇಲಿನ ಪರಿಣಾಮ ಇವೆಲ್ಲಕ್ಕೂ ಪುರಾವೆಯನ್ನು ಅದು ನಿರೀಕ್ಷಿಸುತ್ತದೆ. ಅದನ್ನು ಅಂಗಡಿಯ ಕಪಾಟಿನವರೆಗೆ ತರುವ ಇಚ್ಛೆ ಮಾತ್ರ ಕಾಣುತ್ತಿಲ್ಲ.

ಮಂಡ್ಯ ಜಿಲ್ಲೆಗೆ ಈ ವಿಷಯದಲ್ಲಿ ಅಪರೂಪದ ಅನುಕೂಲವಿದೆ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ರಾಜ್ಯದ ದೊಡ್ಡ ಹಾಲು ಒಕ್ಕೂಟಗಳಲ್ಲೊಂದಾದ ಮನ್‌ಮುಲ್‌ನ ಡೇರಿಯಿದೆ. ಜಿಲ್ಲಾ ಕೇಂದ್ರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಪಕ್ಕದ ಮೈಸೂರಿನಲ್ಲಿ ಇಂಥ ಬ್ಯಾಕ್ಟೀರಿಯಾಗಳ ಬಗ್ಗೆಯೇ ಕೆಲಸ ಮಾಡಿದ ಆಹಾರ ಸಂಶೋಧನಾಲಯ, ಸಿಎಫ್‌ಟಿಆರ್‌ಐ, ಇದೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕೆಲವು ಅಂಗನವಾಡಿಗಳನ್ನು ಆಯ್ದು, ಅರ್ಧದಷ್ಟಕ್ಕೆ ಗುರುತಿಸಿದ ತಳಿಯಿಂದ ಹೆಪ್ಪುಗಟ್ಟಿಸಿದ ಮೊಸರನ್ನೂ ಉಳಿದರ್ಧಕ್ಕೆ ಸಾಮಾನ್ಯ ಮೊಸರನ್ನೂ ಎರಡು ಬೇಸಿಗೆ ಕೊಟ್ಟು, ಭೇದಿಯ ಪ್ರಕರಣಗಳನ್ನು ಎಣಿಸುವುದು ಅಸಾಧ್ಯದ ಕೆಲಸವಲ್ಲ. ಎಣಿಸುವ ಹೊಣೆಯನ್ನು ಆಶಾ ಕಾರ್ಯಕರ್ತೆಯರಿಗೆ ಸಂಭಾವನೆಯಿಲ್ಲದೆ ಹೊರಿಸಬಾರದು, ಅಷ್ಟೇ. 2013ರಲ್ಲಿ ಕ್ಷೀರಭಾಗ್ಯ ಆರಂಭವಾದಾಗ ಹಾಲಿನಿಂದ ಮಕ್ಕಳಿಗೆ ಆಗುವ ಲಾಭವನ್ನು ಅಳೆಯುವ ಏರ್ಪಾಟು ಯೋಜನೆಯ ಜೊತೆಗೇ ಇದ್ದಿದ್ದರೆ ಈಗ ಎಷ್ಟೋ ಪ್ರಶ್ನೆಗಳಿಗೆ ನಮ್ಮದೇ ಉತ್ತರವಿರುತ್ತಿತ್ತು. ಪ್ರಯೋಗದ ಫಲ ಏನೇ ಬರಲಿ, ಕುಡಿಯುವ ನೀರು, ಶೌಚಾಲಯ, 1971ರ ನಿರಾಶ್ರಿತರ ಶಿಬಿರಗಳಲ್ಲಿ ದಿಲೀಪ್ ಮಹಲನಾಬಿಸ್ ಅವರು ಸಾವಿರಾರು ಜೀವ ಉಳಿಸಿದ ಓಆರ್‌ಎಸ್, ಅದರ ಜೊತೆಗಿನ ಸತು ಮಾತ್ರೆ, 2016ರಿಂದ ಸಾರ್ವತ್ರಿಕ ಕಾರ್ಯಕ್ರಮಕ್ಕೆ ಸೇರಿದ ರೋಟಾವೈರಸ್ ಲಸಿಕೆ ಇವುಗಳ ಹಣಕ್ಕೆ ಮೊಸರು ಕೈಹಾಕುವಂತಿಲ್ಲ.

ತೊಡಕುಗಳಿಲ್ಲವೆಂದಲ್ಲ. ಗೆಜ್ಜಲಗೆರೆಯಿಂದ ತಣ್ಣಗೆ ಹೊರಟ ಮೊಸರು ಏಪ್ರಿಲ್ ಬಿಸಿಲಿನಲ್ಲಿ ಮುತ್ತತ್ತಿಯ ಕಡೆಯ ಹಳ್ಳಿ ತಲುಪುವ ಹೊತ್ತಿಗೆ ವಿಪರೀತ ಹುಳಿಯಾಗಿರುತ್ತದೆ. ಕರುಳಿಗೆ ಆ ಹುಳಿಯಿಂದ ಕೇಡೇನಿಲ್ಲ, ಆದರೆ ಮೂರು ವರ್ಷದ ಮಗು ಮುಖ ಸಿಂಡರಿಸಿ ಲೋಟ ತಳ್ಳುತ್ತದೆ. ಸಕ್ಕರೆ ಬೆರೆಸಿದರೆ ಬಾಟಲಿಯ ಪಾನೀಯಕ್ಕೂ ಇದಕ್ಕೂ ಅಂತರ ಉಳಿಯುವುದಿಲ್ಲ. ಚಿಟಿಕೆ ಉಪ್ಪು, ಜಜ್ಜಿದ ಶುಂಠಿ ಹಾಕಿದರೆ ಎಷ್ಟು ಮಕ್ಕಳು ಕುಡಿಯುತ್ತಾರೆಂಬುದನ್ನು ಅಂಗನವಾಡಿಯಲ್ಲೇ ನೋಡಬೇಕು.